ಯಾರು, ಯಾವಾಗ ಮಾತನಾಡಬೇಕು: ಹೆಲಿಕಾಪ್ಟರಿನೊಳಗಿನ ದತ್ತಾಂಶ ಬಸ್

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹರಡಿಕೊಂಡಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲೆ, ನೆರೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಗೆ ವಿಮಾನದ ಎಲೆಕ್ಟ್ರಾನಿಕ್ಸ್ ಎಂಬುದು ಬೆಂಗಳೂರಿನವರ ವಿಷಯವಾಗಿ ಉಳಿದಿಲ್ಲ. ಕೊಬ್ಬರಿ ಧಾರಣೆ ನೋಡಿಕೊಂಡು ಮಕ್ಕಳ ಓದಿನ ಖರ್ಚನ್ನು ಹೊಂದಿಸುವ ಮನೆಗಳಿಂದ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಸೇರುವ ವಿದ್ಯಾರ್ಥಿಗಳು ಈ ಅಂಕಣಕ್ಕೆ ಮತ್ತೆ ಮತ್ತೆ ಕಳುಹಿಸುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಮನೆಯ ಇಂಟರ್‌ನೆಟ್ ಸಂಪರ್ಕವೇ ಸೆಕೆಂಡಿಗೆ ನೂರು ಮೆಗಾಬಿಟ್ ಕೊಡುತ್ತಿರುವಾಗ, ಕೋಟಿಗಟ್ಟಲೆ ಬೆಲೆಯ ಯುದ್ಧವಿಮಾನದ ಒಳಗಿನ ಉಪಕರಣಗಳು ಇಂದಿಗೂ ಸೆಕೆಂಡಿಗೆ ಒಂದೇ ಮೆಗಾಬಿಟ್ ಸಾಗಿಸುವ ತಂತಿಯ ಮೇಲೆ ಏಕೆ ಅವಲಂಬಿಸಿವೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ವೇಗದ ಸರಣಿ ಬಸ್‌ಗಳ ವ್ಯವಸ್ಥೆಯನ್ನು ವಿನ್ಯಾಸಗೊಳಿಸುವ ವಿದ್ಯೆಯ ತಿರುಳೇ ಕೈಗೆ ಸಿಗುತ್ತದೆ. ಆ ವಿದ್ಯೆಯಲ್ಲಿ ವೇಗ ಎರಡನೆಯ ಮಾತು. ಯಾರು ಯಾವಾಗ ಮಾತನಾಡಬೇಕು, ಒಬ್ಬರು ಕೆಟ್ಟುಹೋದರೆ ಉಳಿದವರ ಗತಿಯೇನು ಎಂಬುದು ಮೊದಲ ಮಾತು.

ವಿಮಾನದಲ್ಲಿ ಪರಸ್ಪರ ಮಾಹಿತಿ ಹಂಚಿಕೊಳ್ಳಬೇಕಾದ ಇಪ್ಪತ್ತು ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿವೆ ಎಂದು ಭಾವಿಸಿ, ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ನೇರವಾಗಿ ಜೋಡಿಸಲು ಹೊರಟರೆ 190 ಜೋಡಣೆಗಳು ಬೇಕಾಗುತ್ತವೆ. ಅಷ್ಟು ತಂತಿಯ ತೂಕ, ಅಷ್ಟು ಕನೆಕ್ಟರ್‌ಗಳು, ಅಷ್ಟೂ ಕಡೆ ಸಡಿಲವಾಗಬಹುದಾದ ಪಿನ್ನುಗಳು ವಿಮಾನಕ್ಕೆ ಹೊರೆಯಾಗುತ್ತವೆ. ಇದರ ಬದಲು ಎಲ್ಲ ಪೆಟ್ಟಿಗೆಗಳೂ ಒಂದೇ ಮುಖ್ಯ ತಂತಿಗೆ ಕವಲೊಡೆದು ಸೇರಿಕೊಂಡು, ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಅದೇ ತಂತಿಯಲ್ಲಿ ಕಳುಹಿಸುವ ಏರ್ಪಾಡಿಗೆ ಸರಣಿ ದತ್ತಾಂಶ ಬಸ್ ಎನ್ನುತ್ತಾರೆ. ಅಮೆರಿಕದ ವಾಯುಪಡೆ ಇದಕ್ಕಾಗಿ 1973ರಲ್ಲಿ ಪ್ರಕಟಿಸಿದ ಮಿಲಿಟರಿ ಸ್ಟ್ಯಾಂಡರ್ಡ್ 1553, ಎಫ್-16 ವಿಮಾನದಲ್ಲಿ ಬಳಕೆಗೆ ಬಂದು, 1978ರಲ್ಲಿ 1553ಬಿ ಎಂಬ ಪರಿಷ್ಕೃತ ರೂಪ ಪಡೆಯಿತು. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಏವಿಯಾನಿಕ್ಸ್ ಕೂಡ ಇದೇ 1553ಬಿ ಮಾದರಿಯ ಮೂರು ಬಸ್‌ಗಳ ಸುತ್ತ ಹೆಣೆಯಲ್ಪಟ್ಟಿದೆ. ಇಸ್ರೋದ ಉಡಾವಣಾ ವಾಹನಗಳೂ ಹಲವು ಉಪಗ್ರಹಗಳೂ ಇದನ್ನೇ ನೆಚ್ಚಿಕೊಂಡಿವೆ.

1553ಬಿ ಬಸ್ಸಿನ ಶಿಸ್ತು ಬಹಳ ಕಟ್ಟುನಿಟ್ಟಾದದ್ದು. ಬಸ್ಸಿಗೆ ಒಬ್ಬನೇ ಯಜಮಾನ, ಅವನ ಹೆಸರು ಬಸ್ ಕಂಟ್ರೋಲರ್. ಉಳಿದವು ರಿಮೋಟ್ ಟರ್ಮಿನಲ್‌ಗಳು, ಗರಿಷ್ಠ 31. ಕಂಟ್ರೋಲರ್ ಕೇಳದ ಹೊರತು ಯಾವ ಟರ್ಮಿನಲ್ಲೂ ತುಟಿ ಬಿಚ್ಚುವಂತಿಲ್ಲ. ತೇಜಸ್‌ನಲ್ಲಿ ಈ ಯಜಮಾನಿಕೆ ಬೆಂಗಳೂರಿನ ಡೇರ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಮಿಷನ್ ಕಂಪ್ಯೂಟರಿನದು. ಬಸ್ಸಿನ ಮೇಲೆ ಚಲಿಸುವ ಪ್ರತಿ ಪದವೂ 20 ಬಿಟ್‌ಗಳ ಅವಧಿಯಷ್ಟು ಉದ್ದ: ಪದ ಶುರುವಾಯಿತೆಂದು ಸಾರುವ ಸಿಂಕ್ ಗುರುತಿಗೆ ಮೂರು, ನಿಜವಾದ ವಿಷಯಕ್ಕೆ ಹದಿನಾರು, ದೋಷ ಪತ್ತೆಗೆ ಒಂದು ಪ್ಯಾರಿಟಿ ಬಿಟ್. ಕಂಟ್ರೋಲರ್ ಹೊರಡಿಸುವ ಆಜ್ಞಾಪದದ ಹದಿನಾರು ಬಿಟ್‌ಗಳಲ್ಲಿ ಐದು ಯಾವ ಟರ್ಮಿನಲ್ ಎಂಬುದನ್ನೂ, ಒಂದು ಅದು ಕಳುಹಿಸಬೇಕೋ ಪಡೆಯಬೇಕೋ ಎಂಬುದನ್ನೂ, ಐದು ಆ ಪೆಟ್ಟಿಗೆಯೊಳಗಿನ ಯಾವ ಉಪವಿಳಾಸ ಎಂಬುದನ್ನೂ, ಕೊನೆಯ ಐದು ಎಷ್ಟು ಪದಗಳು ಎಂಬುದನ್ನೂ ಹೇಳುತ್ತವೆ. ಐದು ಬಿಟ್‌ಗಳಿಂದ 32 ವಿಳಾಸಗಳು ಹುಟ್ಟಬಹುದಾದರೂ ಕೊನೆಯ ವಿಳಾಸವನ್ನು ಎಲ್ಲರಿಗೂ ಒಟ್ಟಾಗಿ ಹೇಳುವ ಸಾರ್ವತ್ರಿಕ ಸಂದೇಶಕ್ಕೆ ಮೀಸಲಿಟ್ಟಿರುವುದರಿಂದಲೇ ಟರ್ಮಿನಲ್‌ಗಳ ಸಂಖ್ಯೆ 31ಕ್ಕೆ ನಿಲ್ಲುತ್ತದೆ.

ಒಂದು ಸಂದೇಶದ ಸಮಯವನ್ನು ಬಿಡಿಸಿ ನೋಡಿದರೆ ವಿನ್ಯಾಸಕಾರನ ನಿತ್ಯದ ಲೆಕ್ಕ ಅರ್ಥವಾಗುತ್ತದೆ. ಕಂಟ್ರೋಲರ್ ಒಂದು ಟರ್ಮಿನಲ್‌ಗೆ 32 ದತ್ತಾಂಶ ಪದಗಳನ್ನು ಕಳುಹಿಸುವಾಗ ಆಜ್ಞಾಪದಕ್ಕೆ 20 ಮೈಕ್ರೊಸೆಕೆಂಡ್, ದತ್ತಾಂಶಕ್ಕೆ 640, ಟರ್ಮಿನಲ್ ಉತ್ತರಿಸಲು ತೆಗೆದುಕೊಳ್ಳಬಹುದಾದ ಬಿಡುವಿಗೆ ಹೆಚ್ಚೆಂದರೆ 12, ಅದು ಮರಳಿಸುವ ಸ್ಥಿತಿಪದಕ್ಕೆ 20, ಮುಂದಿನ ಸಂದೇಶಕ್ಕೆ ಮೊದಲು ಬಿಡಬೇಕಾದ ಅಂತರಕ್ಕೆ ಕನಿಷ್ಠ 4, ಒಟ್ಟು 696 ಮೈಕ್ರೊಸೆಕೆಂಡ್ ಖರ್ಚಾಗುತ್ತದೆ. ಇದರಲ್ಲಿ ಸಾಗಿದ ನಿಜವಾದ ಮಾಹಿತಿ 512 ಬಿಟ್, ಅಂದರೆ ಹೆಸರಿಗೆ ಒಂದು ಮೆಗಾಬಿಟ್ ಆದರೂ ದಕ್ಕುವುದು ಅದರ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ಒಂದೇ ಒಂದು ಪದ ಕಳುಹಿಸುವ ಸಂದೇಶಕ್ಕೂ ಇದೇ ಶಿಷ್ಟಾಚಾರ ತಪ್ಪದ ಕಾರಣ, 76 ಮೈಕ್ರೊಸೆಕೆಂಡ್ ಕಳೆದರೂ ಮುಟ್ಟುವುದು 16 ಬಿಟ್ ಮಾತ್ರ. ಅಲ್ಲಿ ದಕ್ಕುವ ವೇಗ ಐದನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಆದ್ದರಿಂದ ಚಿಕ್ಕಚಿಕ್ಕ ಮಾಹಿತಿಗಳನ್ನು ಒಟ್ಟುಗೂಡಿಸಿ ದೊಡ್ಡ ಸಂದೇಶವಾಗಿ ಕಟ್ಟುವುದು, ಯಾವುದು ಸೆಕೆಂಡಿಗೆ ಐವತ್ತು ಬಾರಿ ಬೇಕು, ಯಾವುದು ಒಂದೇ ಬಾರಿ ಸಾಕು ಎಂದು ವಿಂಗಡಿಸುವುದು ಇಲ್ಲಿನ ಮುಖ್ಯ ಕೆಲಸ. ಸೆಕೆಂಡಿಗೆ ಐವತ್ತು ಬಾರಿ ಎಂದರೆ ಪ್ರತಿ ಸುತ್ತಿಗೆ 20 ಮಿಲಿಸೆಕೆಂಡ್. ಆ ಸುತ್ತಿನಲ್ಲಿ ಪೂರ್ಣ ಗಾತ್ರದ 28 ಸಂದೇಶಗಳಷ್ಟೇ ಹಿಡಿಸುತ್ತವೆ. ಮುಂದೆ ಹೊಸ ಉಪಕರಣ ಬಂದೇ ಬರುತ್ತದೆ ಎಂಬ ಅರಿವಿರುವ ವಿನ್ಯಾಸಕಾರ ಆರಂಭದಲ್ಲಿ ಈ ಸುತ್ತನ್ನು ಅರ್ಧದ ಆಸುಪಾಸಿಗಿಂತ ಹೆಚ್ಚು ತುಂಬಿಸುವುದಿಲ್ಲ.

ಈ ವೇಳಾಪಟ್ಟಿ ವಿಮಾನ ಹಾರುವ ಮುನ್ನವೇ, ವಿನ್ಯಾಸದ ಮೇಜಿನ ಮೇಲೆಯೇ ನಿಗದಿಯಾಗುತ್ತದೆ ಎಂಬುದರಲ್ಲಿ ಮೇಲಿನ ಪ್ರಶ್ನೆಗೆ ಅರ್ಧ ಉತ್ತರವಿದೆ. ಮನೆಯ ಇಂಟರ್‌ನೆಟ್ಟಿನಲ್ಲಿ ನೂರು ಮೆಗಾಬಿಟ್ ಎಂಬುದು ಸರಾಸರಿ ಭರವಸೆ. ಯಾವ ಪೊಟ್ಟಣ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ, ಚಲನಚಿತ್ರ ಕ್ಷಣಕಾಲ ನಿಂತರೆ ಯಾರಿಗೂ ಅಪಾಯವೂ ಇಲ್ಲ. ವಿಮಾನಕ್ಕೆ ಬೇಕಾದದ್ದು ಸರಾಸರಿಯಲ್ಲ, ಅತ್ಯಂತ ಕೆಟ್ಟ ಗಳಿಗೆಯಲ್ಲೂ ಮೀರದ ಗರಿಷ್ಠ ವಿಳಂಬ. ಎತ್ತರ, ವೇಗ, ಎಂಜಿನ್ನಿನ ತಾಪ ಮುಂತಾದವು ಚಿಕ್ಕ ಸಂಖ್ಯೆಗಳೇ; ಅವು ತಡವಾಗದಿರುವುದು ಮುಖ್ಯ.

ಉಳಿದರ್ಧ ಉತ್ತರ ಇರುವುದು ಕೆಡುಕನ್ನು ಎದುರಿಸುವ ಬಗೆಯಲ್ಲಿ. ಒಂದು ಪೆಟ್ಟಿಗೆ ಹುಚ್ಚೆದ್ದು ಎಡೆಬಿಡದೆ ಅರಚತೊಡಗಿದರೆ ಹಂಚಿಕೊಂಡ ತಂತಿಯಲ್ಲಿ ಬೇರೆ ಯಾರಿಗೂ ಮಾತು ಸಿಗದು. ಇದನ್ನು ತಡೆಯಲು ಪ್ರತಿ ಟರ್ಮಿನಲ್ಲಿನ ಪ್ರಸಾರಕಕ್ಕೂ 800 ಮೈಕ್ರೊಸೆಕೆಂಡ್ ಮೀರಿದರೆ ಬಾಯಿ ಮುಚ್ಚಿಸುವ ಗಡಿಯಾರವೊಂದನ್ನು ಮಾನಕವೇ ಕಡ್ಡಾಯಗೊಳಿಸಿದೆ. ಸ್ಥಿತಿಪದ ಮತ್ತು 32 ದತ್ತಾಂಶ ಪದಗಳು ಸೇರಿದ ಅತಿ ಉದ್ದದ ನ್ಯಾಯವಾದ ಉತ್ತರಕ್ಕೆ 660 ಮೈಕ್ರೊಸೆಕೆಂಡ್ ಸಾಕಾಗುವುದರಿಂದ, ಅದಕ್ಕಿಂತ ತುಸು ಮೇಲೆ ಎಳೆದ ಗೆರೆ ಅದು. ತಂತಿಯ ಮಟ್ಟದಲ್ಲೂ ಇಂಥದೇ ಎಚ್ಚರಿಕೆಯಿದೆ. ಮುಖ್ಯ ತಂತಿಯಿಂದ ಕವಲೊಡೆಯುವ ಜಾಗದಲ್ಲಿ ಬೆರಳುಗಾತ್ರದ ಲೋಹದ ಜೋಡಣೆ ಪೆಟ್ಟಿಗೆಯೊಂದಿದ್ದು, ಅದರೊಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಮತ್ತು ಅದರ ಎರಡೂ ಎಳೆಗಳಿಗೆ ಒಂದೊಂದು ರೆಸಿಸ್ಟರ್ ಇರುತ್ತವೆ. ಆರು ಮೀಟರ್‌ವರೆಗೆ ಉದ್ದವಿರಬಹುದಾದ ಕವಲು ತಂತಿ ಎಲ್ಲಾದರೂ ಶಾರ್ಟ್ ಆದರೂ ಆ ರೆಸಿಸ್ಟರ್‌ಗಳು ಅಡ್ಡನಿಂತು ಮುಖ್ಯ ಬಸ್ ಕುಸಿಯದಂತೆ ಕಾಯುತ್ತವೆ. ಇಷ್ಟರ ಮೇಲೆ ಇಡೀ ಬಸ್ಸೇ ಜೋಡಿಯಾಗಿರುತ್ತದೆ: ಎ ತಂತಿಯಲ್ಲಿ ಉತ್ತರ ಬರದಿದ್ದರೆ ಕಂಟ್ರೋಲರ್ ಅದೇ ಪ್ರಶ್ನೆಯನ್ನು ಬಿ ತಂತಿಯಲ್ಲಿ ಕೇಳುತ್ತದೆ, ಆ ಎರಡನ್ನೂ ವಿಮಾನದ ಬೇರೆ ಬೇರೆ ಮಗ್ಗುಲಲ್ಲಿ ಎಳೆದರೆ ಒಂದೇ ಏಟಿಗೆ ಎರಡೂ ತುಂಡಾಗುವ ಸಂಭವ ತಗ್ಗುತ್ತದೆ. ಎ ಮತ್ತು ಬಿ ತಂತಿಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದ ವಿನ್ಯಾಸವನ್ನು ಕಾಗದದ ಮೇಲೆ ಮಾತ್ರ ಜೋಡಿ ಎನ್ನಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ವಿಮಾನದ ಪ್ರಾಣವನ್ನೇ ಈ ಬಸ್ಸಿಗೆ ಒಪ್ಪಿಸಲಾಗಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪೈಲಟ್ ಹಿಡಿಕೆ ಅಲುಗಿಸಿದಾಗ ಆ ಸೂಚನೆಯನ್ನು ಕಂಪ್ಯೂಟರ್ ಪಡೆದು ರೆಕ್ಕೆಯ ಫಲಕಗಳನ್ನು ಚಲಿಸುವ ಫ್ಲೈ-ಬೈ-ವೈರ್ ವ್ಯವಸ್ಥೆ ತೇಜಸ್‌ನಲ್ಲಿ ನಾಲ್ಕು ಪ್ರತ್ಯೇಕ ಚಾನೆಲ್‌ಗಳ ಡಿಜಿಟಲ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅದು ಕಾಕ್‌ಪಿಟ್ಟಿನ ಪರದೆಗಳಿಗೆ ಮಾಹಿತಿ ಮುಟ್ಟಿಸಲು 1553ಬಿ ಬಸ್ಸನ್ನೂ ಇತರ ಸರಣಿ ಕೊಂಡಿಗಳನ್ನೂ ಬಳಸುತ್ತದೆ. ಯಾವುದನ್ನು ಹಂಚಿಕೊಂಡ ತಂತಿಗೆ ಹಾಕಬೇಕು ಎಂಬುದಕ್ಕಿಂತ ಯಾವುದನ್ನು ಹಾಕಬಾರದು ಎಂಬ ತೀರ್ಮಾನದಲ್ಲೇ ವಿನ್ಯಾಸಕಾರನ ಪ್ರೌಢಿಮೆ ಹೆಚ್ಚು ಕಾಣುತ್ತದೆ.

ಹಾಗಾದರೆ ವೇಗದ ಅಗತ್ಯವೇ ಇಲ್ಲವೆ ಎಂದರೆ, ಚಿತ್ರ ಬಂದ ಕೂಡಲೇ ಕಥೆ ಬದಲಾಗುತ್ತದೆ. ಅಗಲದಲ್ಲಿ 1024, ಎತ್ತರದಲ್ಲಿ 768 ಬಿಂದುಗಳಿರುವ ಸಾಧಾರಣ ವರ್ಣಚಿತ್ರವನ್ನು ಬಿಂದುವಿಗೆ 24 ಬಿಟ್‌ನಂತೆ ಸೆಕೆಂಡಿಗೆ 30 ಬಾರಿ ಸಂಕುಚಿಸದೆ ಕಳುಹಿಸಿದರೆ ಸೆಕೆಂಡಿಗೆ 566 ಮೆಗಾಬಿಟ್ ಬೇಕಾಗುತ್ತದೆ. ಹೆಲಿಕಾಪ್ಟರಿನ ಮೂಗಿನಲ್ಲಿ ಕೂರಿಸುವ ಕ್ಯಾಮೆರಾದಿಂದ ಹಿಡಿದು ಪೈಲಟ್ಟಿನ ಎದುರಿನ ಪರದೆಯವರೆಗೆ ಇಂಥ ಹರಿವು ಸಾಗಬೇಕಾದಾಗ ಒಂದು ಮೆಗಾಬಿಟ್ಟಿನ ಬಸ್ ಕೈಚೆಲ್ಲುತ್ತದೆ. ಆಗ ಸೆಕೆಂಡಿಗೆ ಶತಕೋಟಿಗಳಲ್ಲಿ ಬಿಟ್ ಸಾಗಿಸುವ, ಗಿಗಾಬಿಟ್ ಲೆಕ್ಕದ ಕೊಂಡಿಗಳು ಬೇಕು. ಅಲ್ಲಿಗೆ ಸಮಸ್ಯೆ ಶಿಷ್ಟಾಚಾರದಿಂದ ಭೌತಶಾಸ್ತ್ರಕ್ಕೆ ಜಾರುತ್ತದೆ.

ತಂತಿಯಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಚಲಿಸುತ್ತದೆ. ಒಂದು ಮೆಗಾಬಿಟ್ ವೇಗದಲ್ಲಿ ಒಂದು ಬಿಟ್ ಸುಮಾರು 200 ಮೀಟರ್ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಇಡೀ ಹೆಲಿಕಾಪ್ಟರ್ ಆ ಬಿಟ್ಟಿನ ಒಂದು ಮೂಲೆಯಲ್ಲಿ ಅಡಗಿಬಿಡುತ್ತದೆ. ಐದು ಗಿಗಾಬಿಟ್ಟಿಗೆ ಏರಿಸಿದರೆ ಬಿಟ್ಟಿನ ಉದ್ದ ನಾಲ್ಕು ಸೆಂಟಿಮೀಟರಿಗೆ ಇಳಿದು, ಅಂಗೈ ಅಗಲದ ಸರ್ಕ್ಯೂಟ್ ಬೋರ್ಡಿನ ಮೇಲೂ ಒಂದೇ ಸಮಯಕ್ಕೆ ಎರಡು ಮೂರು ಬಿಟ್‌ಗಳು ಸಾಲಾಗಿ ಓಡುತ್ತಿರುತ್ತವೆ. ಈ ಸ್ಥಿತಿಯಲ್ಲಿ ತಂತಿಯ ಪ್ರತಿ ತಿರುವು, ಪ್ರತಿ ಕನೆಕ್ಟರ್, ಪ್ರತಿ ಕವಲು ಸಂಕೇತದ ಒಂದಂಶವನ್ನು ಹಿಂದಕ್ಕೆ ತಳ್ಳುತ್ತದೆ. ಬೋರ್‌ವೆಲ್ಲಿನಿಂದ ತೋಟಕ್ಕೆ ನೀರು ರಭಸವಾಗಿ ಹರಿಯುತ್ತಿರುವಾಗ ಪೈಪಿನ ತುದಿಯ ಗೇಟ್‌ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಒತ್ತಡದ ಅಲೆ ಹಿಂದಕ್ಕೆ ನುಗ್ಗಿ ಪೈಪು ದಡಬಡಿಸುವುದನ್ನು ತೆಂಗು ಬೆಳೆಗಾರರೆಲ್ಲ ಕಂಡಿದ್ದಾರೆ. ತಂತಿಯ ತುದಿ ತೆರೆದುಕೊಂಡಿದ್ದರೆ ವಿದ್ಯುತ್ ಅಲೆಯೂ ಹಾಗೆಯೇ ಹಿಂದಿರುಗಿ ತನ್ನ ಹಿಂದೆ ಬರುತ್ತಿರುವ ಬಿಟ್‌ಗಳ ಮೇಲೆ ಬಿದ್ದು ಅವುಗಳ ಆಕಾರ ಕೆಡಿಸುತ್ತದೆ. ಇದಕ್ಕೆ ಪರಿಹಾರವೆಂದರೆ ತಂತಿಯುದ್ದಕ್ಕೂ ಅಲೆ ಎದುರಿಸುವ ಪ್ರತಿಬಾಧೆಯನ್ನು, ಅಂದರೆ ಚಲಿಸುವ ಅಲೆಯ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತವನ್ನು, ಒಂದೇ ಸಮವಾಗಿ ಕಾಯ್ದುಕೊಂಡು, ತುದಿಯಲ್ಲಿ ಅದಕ್ಕೆ ಸರಿಸಮನಾದ ಟರ್ಮಿನೇಟರ್ ರೆಸಿಸ್ಟರ್ ಇಟ್ಟು ಅಲೆಯ ಶಕ್ತಿಯೆಲ್ಲ ಅಲ್ಲೇ ಕರಗುವಂತೆ ಮಾಡುವುದು. 1553ಬಿ ತಂತಿಗೆ ಇದು 70ರಿಂದ 85 ಓಮ್. ಗಿಗಾಬಿಟ್ ಕೊಂಡಿಗಳ ಜೋಡಿ ತಂತಿಗಳಿಗೆ ಸಾಮಾನ್ಯವಾಗಿ 100 ಓಮ್‌ನ ಆಸುಪಾಸು.

ಕವಲುಗಳೇ ಅಲೆಯನ್ನು ಒಡೆಯುವುದರಿಂದ, ಒಂದೇ ತಂತಿಗೆ ಹಲವರು ಸೇರಿಕೊಳ್ಳುವ ಪದ್ಧತಿ ಗಿಗಾಬಿಟ್ ವೇಗದಲ್ಲಿ ನಿಲ್ಲುವುದಿಲ್ಲ. ಕಂಪ್ಯೂಟರ್ ಲೋಕದಲ್ಲಿ 32 ತಂತಿಗಳಲ್ಲಿ 32 ಬಿಟ್‌ಗಳನ್ನು ಒಟ್ಟಿಗೆ ಸಾಗಿಸುತ್ತಿದ್ದ ಪಿಸಿಐ ಎಂಬ ಸಮಾನಾಂತರ ಬಸ್, ವೇಗ ಏರಿಸಿದಂತೆ ಎಲ್ಲ ತಂತಿಗಳ ಬಿಟ್‌ಗಳೂ ಒಂದೇ ಗಳಿಗೆಗೆ ಮುಟ್ಟದೆ ಮುಗ್ಗರಿಸತೊಡಗಿದಾಗ, 2003ರ ಹೊತ್ತಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಸರಣಿ ಕೊಂಡಿಗೆ ಜಾಗ ಬಿಟ್ಟುಕೊಟ್ಟಿತು. ಅದರಲ್ಲಿ ಹಂಚಿಕೊಂಡ ತಂತಿಯಿಲ್ಲ. ಇಬ್ಬರ ನಡುವೆ ಮಾತ್ರ, ಪ್ರತಿ ದಿಕ್ಕಿಗೂ ಒಂದು ಜೋಡಿ ತಂತಿ, ಪ್ರತಿ ಜೋಡಿಯಲ್ಲಿ ಮೊದಲ ಪೀಳಿಗೆಯಲ್ಲೇ 2.5 ಗಿಗಾಬಿಟ್. ಗಡಿಯಾರದ ಸಂಕೇತವನ್ನು ಬೇರೆ ತಂತಿಯಲ್ಲಿ ಕಳುಹಿಸದೆ, ಬರುವ ಬಿಟ್‌ಗಳ ಏರಿಳಿತದಿಂದಲೇ ಸ್ವೀಕರಿಸುವ ತುದಿ ತಾಳವನ್ನು ಹಿಡಿದುಕೊಳ್ಳಬೇಕಾಗುವುದರಿಂದ, ಉದ್ದನೆಯ ಸೊನ್ನೆಗಳ ಸಾಲು ಬಂದು ಏರಿಳಿತವೇ ನಿಂತುಹೋಗದಂತೆ ಮೊದಲ ಪೀಳಿಗೆಗಳಲ್ಲಿ ಎಂಟು ಬಿಟ್‌ಗಳನ್ನು ಹತ್ತು ಬಿಟ್‌ಗಳ ಸಂಕೇತಕ್ಕೆ ಬದಲಿಸಿ ಕಳುಹಿಸುತ್ತಿದ್ದರು. ಇದಕ್ಕೆ ತೆರುತ್ತಿದ್ದ ಸುಂಕ ವೇಗದ ಐದನೆಯ ಒಂದು ಪಾಲು. 1553ಬಿ ಬಳಸುವ ಮ್ಯಾಂಚೆಸ್ಟರ್ ಸಂಕೇತದಲ್ಲಿ ಪ್ರತಿ ಬಿಟ್ಟಿನ ನಡುವೆಯೂ ಒಂದು ಏರಿಳಿತ ಕಡ್ಡಾಯವಾಗಿದ್ದು ತಾಳ ತಪ್ಪುವ ಮಾತೇ ಇಲ್ಲದಿದ್ದರೂ ತಂತಿಯ ಸಾಮರ್ಥ್ಯದ ಅರ್ಧಭಾಗ ಅದಕ್ಕೇ ಹೋಗುತ್ತದೆ. ನಿಧಾನದ ಬಸ್ಸಿಗೆ ಆ ದುಂದು ಹೊರೆಯಲ್ಲ.

ಇಬ್ಬಿಬ್ಬರ ನಡುವಿನ ಕೊಂಡಿಗಳನ್ನು ಬೆಸೆಯಲು ನಡುವೆ ಸ್ವಿಚ್ ಬಂದ ಕೂಡಲೇ ಯಾರು ಯಾವಾಗ ಮಾತನಾಡಬೇಕು ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದುನಿಲ್ಲುತ್ತದೆ. 2005ರಲ್ಲಿ ಮೊದಲು ಹಾರಿದ ಏರ್‌ಬಸ್ ಎ380 ವಿಮಾನ ಇದಕ್ಕೆ ಕೊಟ್ಟ ಉತ್ತರ ಎಎಫ್‌ಡಿಎಕ್ಸ್ ಎಂಬ ಜಾಲ. ಮೂಲದಲ್ಲಿ ಅದು 100 ಮೆಗಾಬಿಟ್ಟಿನ ಸಾಮಾನ್ಯ ಈಥರ್‌ನೆಟ್ಟೇ. ಆದರೆ ಪ್ರತಿ ಸಂದೇಶದ ಹಾದಿಯೂ ಮೊದಲೇ ಗೊತ್ತುಮಾಡಿದ ಕಲ್ಪಿತ ಕೊಂಡಿಯಾಗಿದ್ದು, ಆ ಕೊಂಡಿಯಲ್ಲಿ ಎರಡು ಸಂದೇಶಗಳ ನಡುವೆ 1ರಿಂದ 128 ಮಿಲಿಸೆಕೆಂಡ್‌ಗಳ ನಡುವಿನ ನಿಗದಿತ ಕನಿಷ್ಠ ಅಂತರ ಇರಲೇಬೇಕು, ಮೀರಿ ಬಂದದ್ದನ್ನು ಸ್ವಿಚ್ ಒಳಗೆ ಬಿಡುವುದಿಲ್ಲ. ಈಥರ್‌ನೆಟ್ಟಿನ ಗರಿಷ್ಠ ಗಾತ್ರದ ಚೌಕಟ್ಟು ಸುತ್ತಲಿನ ಬಿಡುವೂ ಸೇರಿ 123 ಮೈಕ್ರೊಸೆಕೆಂಡ್ ತೆಗೆದುಕೊಳ್ಳುವುದರಿಂದ, ಒಂದು ಮಿಲಿಸೆಕೆಂಡಿನ ಅಂತರದ ಇಂಥ ಎಂಟು ಕೊಂಡಿಗಳು ಸೇರಿದರೆ ನೂರು ಮೆಗಾಬಿಟ್ಟೂ ಬಹುತೇಕ ಭರ್ತಿ. ಜಾಲವೂ ಎರಡು ಪ್ರತಿಗಳಲ್ಲಿದ್ದು ಪ್ರತಿ ಚೌಕಟ್ಟೂ ಎರಡರಲ್ಲೂ ಹೊರಡುತ್ತದೆ, ಮೊದಲು ಮುಟ್ಟಿದ್ದನ್ನು ಸ್ವೀಕರಿಸಿ ಎರಡನೆಯದನ್ನು ಕೈಬಿಡಲಾಗುತ್ತದೆ. ವೇಗ ನೂರು ಪಟ್ಟು ಏರಿದ ಮೇಲೂ ವಿನ್ಯಾಸಕಾರರು 1553ಬಿಯ ಶಿಸ್ತನ್ನೇ ಬೇರೆ ದಾರಿಯಿಂದ ಮರಳಿ ಪಡೆದುಕೊಂಡಿದ್ದಾರೆ. ಹೊಸದು ಬಂದಿತೆಂದು ಹಳೆಯ ಬಸ್ಸನ್ನು ಕಿತ್ತೆಸೆಯುವುದೂ ಇಲ್ಲ. ಆಜ್ಞೆ, ಸ್ಥಿತಿಗತಿಗಳಿಗೆ ನಿಧಾನದ ಬಸ್, ಚಿತ್ರಕ್ಕೆ ವೇಗದ ನೇರ ಕೊಂಡಿ ಎಂಬ ಮಿಶ್ರ ವಿನ್ಯಾಸವೇ ಬಹಳ ಕಡೆ ಸರಿಯಾದ ಉತ್ತರ.

ಬಿದರೆಹಳ್ಳ ಕಾವಲಿನ ಕಾರ್ಖಾನೆ ಆರಂಭದಲ್ಲಿ ವರ್ಷಕ್ಕೆ 30 ಲಘು ಬಳಕೆಯ ಹೆಲಿಕಾಪ್ಟರ್‌ಗಳನ್ನು ತಯಾರಿಸಿ, ಮುಂದೆ 60ಕ್ಕೆ, ನಂತರ 90ಕ್ಕೆ ಏರುವ ಯೋಜನೆ ಹೊಂದಿದೆ. ಅಂಥ ಕಡೆ ತಂತಿಗಳ ಕಟ್ಟನ್ನು ಹೆಣೆಯುವ, ಕನೆಕ್ಟರಿನ ಪಿನ್ನನ್ನು ಕ್ರಿಂಪ್ ಮಾಡುವ, ತಂತಿಯ ಮೇಲಿನ ಹೆಣಿಗೆಯ ಕವಚ ಎಲ್ಲೂ ಬಿಟ್ಟುಹೋಗದಂತೆ ಕನೆಕ್ಟರಿಗೆ ಸುತ್ತಲೂ ಬೆಸೆಯುವ ಕೈಗಳಿಗೆ ತಾವು ಮಾಡುತ್ತಿರುವ ಕೆಲಸದ ಕಾರಣ ಗೊತ್ತಿರಬೇಕು. 1553ಬಿ ತಂತಿಯ ಎರಡು ಎಳೆಗಳು ಅಡಿಗೆ ಕನಿಷ್ಠ ನಾಲ್ಕು ಬಾರಿ ಹುರಿಗೊಂಡಿರಬೇಕು ಎಂಬ ನಿಯಮ, ಹೊರಗಿನ ವಿದ್ಯುತ್ ಗದ್ದಲ ಎರಡೂ ಎಳೆಗಳಿಗೆ ಸಮನಾಗಿ ತಗುಲಿ ಅವುಗಳ ವ್ಯತ್ಯಾಸದಲ್ಲಿ ಅಳಿಸಿಹೋಗಲಿ ಎಂಬ ಉದ್ದೇಶದ್ದು. ಇದು ತಿಳಿಯದವರು ಕನೆಕ್ಟರಿನ ಬಳಿ ಬೇಕಾದ್ದಕ್ಕಿಂತ ಉದ್ದಕ್ಕೆ ಹುರಿ ಬಿಚ್ಚಿದರೆ ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ತಿಪಟೂರಿನ ಕಲ್ಪತರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಈ ಭಾಗದ ಪಾಲಿಟೆಕ್ನಿಕ್ ಮತ್ತು ಐಟಿಐಗಳು ಬಸ್ ವಿನ್ಯಾಸವನ್ನು ಪಠ್ಯದ ಚಿತ್ರವಾಗಿ ಬಿಡದೆ ಕೈಯಾರೆ ಮಾಡುವ ಪ್ರಯೋಗವಾಗಿ ಗಟ್ಟಿಗೊಳಿಸುವುದು ಈ ಸೀಮೆಯ ಮಕ್ಕಳಿಗೆ ನಿಜವಾಗಿ ಒದಗುವ ನೆರವು.

ಅದಕ್ಕೆ ದುಬಾರಿ 1553ಬಿ ಸಾಮಗ್ರಿ ಬೇಕಿಲ್ಲ. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪರಿಚಯಿಸಿದ, ಇಂದು ಕಾರು, ಟ್ರ್ಯಾಕ್ಟರ್‌ಗಳಲ್ಲೆಲ್ಲ ಇರುವ ಕ್ಯಾನ್ ಎಂಬ ಸರಣಿ ಬಸ್ಸಿನ ಬಿಡಿಭಾಗಗಳು ಅಗ್ಗವಾಗಿ ಸಿಗುತ್ತವೆ, ವೇಗವೂ ಅದೇ ಒಂದು ಮೆಗಾಬಿಟ್. ಮೂವತ್ತು ಮೀಟರ್ ಹುರಿಗೊಳಿಸಿದ ಜೋಡಿ ತಂತಿ ಎಳೆದು, ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿ, ವಿದ್ಯುತ್ ಕೊಡುವ ಮೊದಲು ಮಲ್ಟಿಮೀಟರಿನಲ್ಲಿ ಅಳೆದರೆ ಸುಮಾರು 60 ಓಮ್ ತೋರಬೇಕು. 120 ತೋರಿದರೆ ಒಂದು ತುದಿ ಬಿಟ್ಟುಹೋಗಿದೆ ಎಂದರ್ಥ. ಬೇಕೆಂದೇ ಒಂದು ತುದಿಯ ರೆಸಿಸ್ಟರ್ ತೆಗೆದು ಆಸಿಲೋಸ್ಕೋಪಿನಲ್ಲಿ ನೋಡಿದರೆ, ಮೀಟರಿಗೆ ಐದು ನ್ಯಾನೊಸೆಕೆಂಡಿನ ಲೆಕ್ಕದಲ್ಲಿ ಹೋಗಿ ಬರಲು 300 ನ್ಯಾನೊಸೆಕೆಂಡ್ ತೆಗೆದುಕೊಂಡ ಪ್ರತಿಫಲನ ಪ್ರತಿ ಅಂಚಿನ ಹಿಂದೆ ಎದ್ದು ಕಾಣುತ್ತದೆ. ಕ್ಯಾನ್ ಬಸ್ಸಿಗೆ ಯಜಮಾನನಿಲ್ಲ. ಚಿಕ್ಕ ಗುರುತಿನ ಸಂಖ್ಯೆಯ ಸಂದೇಶಕ್ಕೆ ಯಾವಾಗಲೂ ಮೊದಲ ಹಕ್ಕು. ಆದ್ದರಿಂದ ಎರಡನೆಯ ಪ್ರಯೋಗವಾಗಿ, ಸೊನ್ನೆ ಗುರುತಿನ ಸಂದೇಶವನ್ನು ಬಿಡುವಿಲ್ಲದೆ ಕಳುಹಿಸುವಂತೆ ಒಂದು ಬೋರ್ಡನ್ನು ಕೆಡಿಸಿ, ಉಳಿದವು ಎಷ್ಟು ಹೊತ್ತು ಕಾಯುತ್ತ ನಿಲ್ಲುತ್ತವೆ ಎಂದು ಬರೆದಿಟ್ಟುಕೊಂಡು, ಬಳಿಕ ಒಂದು ಬೋರ್ಡಿಗೆ ಯಜಮಾನಿಕೆ ಕೊಟ್ಟು, ಅದು ಕೇಳಿದಾಗ ಮಾತ್ರ ಉಳಿದವು ಉತ್ತರಿಸುವಂತೆಯೂ, ಪ್ರತಿ ಬೋರ್ಡಿನ ಪ್ರಸಾರಕಕ್ಕೆ ಹೊರಗಿನಿಂದ ಒಂದು ಕಾಲಮಿತಿಯ ಸರ್ಕ್ಯೂಟ್ ಕಟ್ಟಿಯೂ ಅದೇ ಅಳತೆಯನ್ನು ಮತ್ತೆ ತೆಗೆಯಬಹುದು. ಎರಡು ಮಧ್ಯಾಹ್ನದ ಪ್ರಯೋಗಾಲಯದ ಅವಧಿಗೆ ಇಷ್ಟು ಕೆಲಸ ಹಿಡಿಸುತ್ತದೆ.